ದೂರದಿಂದ ತಟ್ಟಿ ನೋಡಿದ ನೆಲ

ಕೆಲಸದ ಜಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರಸಮಟ್ಟ ಎಂದು. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಅತ್ತಿತ್ತ ಓಡಾಡಿ ನೆಲ ಸಮವಾಗಿದೆಯೋ ಇಲ್ಲವೋ ಹೇಳುತ್ತದಲ್ಲ, ಆ ಪಟ್ಟಿಯನ್ನು ಅವನು ಕಂಡಕಂಡಲ್ಲಿ ಇಟ್ಟು ನೋಡುತ್ತಿದ್ದ. ಕ್ಯಾಂಟೀನಿನ ಮೇಜಿನ ಮೇಲೆ ಇಟ್ಟಿದ್ದ. ಎಂಟು ಜನ ಮಲಗುವ ಕೋಣೆಯಲ್ಲಿ ತನ್ನ ಮಂಚದ ಮೇಲೆ ಇಟ್ಟು, ಒಂದು ಕಾಲಿನಡಿಗೆ ರಟ್ಟು ತುರುಕಿದ್ದ. "ಮದುವೆ ದಿನ ಹೆಂಡ್ತಿ ಹೆಗಲ ಮೇಲೂ ಇಟ್ಟು ನೋಡಿದ್ದೆಯೇನೋ" ಎಂದು ಮೇಸ್ತ್ರಿ ಕಿಚಾಯಿಸಿದರೆ, "ನೋಡಿದ್ದೆ. ಅವಳು ನೆಟ್ಟಗೇ ಇದ್ಲು, ನಾನೇ ಅರ್ಧ ಬೆರಳು ವಾಲಿದ್ದೆ" ಎನ್ನುತ್ತಿದ್ದ.

ಟೈಲ್ಸ್ ಹಾಕುವ ಕೆಲಸಕ್ಕೆ ಪರದೇಶಕ್ಕೆ ಬಂದು ಹದಿಮೂರು ವರ್ಷವಾಗಿತ್ತು. ಮಂಡಿ ಎರಡೂ ದಡ್ಡುಗಟ್ಟಿ, ಚಿವುಟಿದರೂ ಗೊತ್ತಾಗದ ಹಾಗಾಗಿದ್ದವು. ಊರಲ್ಲಿ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂಡಿಸುತ್ತಿದ್ದಳು. ಮಗಳು ಒಂಬತ್ತನೇ ತರಗತಿ. ಈ ಹದಿಮೂರು ವರ್ಷದಲ್ಲಿ ತಾಯಿ ಮಗಳು ಏಳು ಬಾಡಿಗೆ ಮನೆ ಕಂಡಿದ್ದರು. ಕೊನೆಯ ಮನೆಯ ಮಾಲೀಕನಿಗೆ ಗೋಡೆಗೆ ಮೊಳೆ ಹೊಡೆದರೆ ತನ್ನ ಮೈಗೇ ಹೊಡೆದಷ್ಟು ನೋವು. ಅದಕ್ಕೆ ಮಗಳು ತನಗೆ ಬೇಕಾದ ಚಿತ್ರಗಳನ್ನೆಲ್ಲ ಬಟ್ಟೆ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿಕೊಂಡಿದ್ದಳು. ನೋಡಬೇಕೆನಿಸಿದಾಗ ಪೆಟ್ಟಿಗೆ ತೆರೆಯುವುದು, ಸಾಕಾದಾಗ ಮುಚ್ಚುವುದು.

ಆಗ ಫೋನಿನಲ್ಲಿ ಒಂದು ಜಾಹೀರಾತು ಬಂತು. ಪರದೇಶದಲ್ಲಿ ದುಡಿಯುವವರಿಗಾಗಿಯೇ ಕಟ್ಟಿದ ಮನೆಗಳು, ರಜೆ ಹಾಕುವ ಗೋಜಿಲ್ಲ, ವಿಮಾನದ ಖರ್ಚಿಲ್ಲ, ಕೂತಲ್ಲೇ ನೋಡಿ ಕೂತಲ್ಲೇ ಕೊಳ್ಳಿ. ಕೆಳಗೆ ಒಂದು ನಂಬರು. ಮಾತಾಡಿದವನ ದನಿ ಹೇಗಿತ್ತೆಂದರೆ, ಬೈದರೂ ಕೇಳಿಸಿಕೊಳ್ಳೋಣ ಎನ್ನಿಸುವ ಹಾಗಿತ್ತು. ಮೂರನೇ ಮಹಡಿ, ಎರಡು ಕೋಣೆ, ಒಂದು ಹಜಾರ, ಬೀದಿ ಕಡೆಗೆ ಬಾಲ್ಕನಿ. ನಂಬರ್ ಮುನ್ನೂರ ಎರಡು. "ಸರ್, ನೀವು ಬರೋದೇ ಬೇಡ. ನಿಮ್ಮವರು ಯಾರಾದ್ರೂ ಒಬ್ರು ಬಂದು ನೋಡ್ಲಿ. ನಿಮ್ಮ ಹೆಸರಲ್ಲಿ ಸಹಿ ಹಾಕೋಕೆ ಅವರಿಗೊಂದು ಅಧಿಕಾರ ಪತ್ರ ಬರ್ಕೊಡಿ. ಮಿಕ್ಕಿದ್ದು ನನಗೆ ಬಿಡಿ."

ರಸಮಟ್ಟ ಆ ಅಧಿಕಾರವನ್ನು ಅಕ್ಕನಿಗೆ ಬರೆದುಕೊಟ್ಟ. ಅಕ್ಕ ನಗರದ ಬಸ್ಸಿನಲ್ಲಿ ಕಂಡಕ್ಟರ್. ಇಪ್ಪತ್ತೆರಡು ವರ್ಷದ ಸರ್ವೀಸು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ ಟಿಕೆಟ್ ಇಲ್ಲದವನನ್ನು ಅವನ ಬೆನ್ನು ನೋಡಿಯೇ ಹೇಳಬಲ್ಲವಳು. ಅವಳ ಕಣ್ಣಿಗೆ ಮಣ್ಣೆರಚುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಮನೆಯವರ ನಂಬಿಕೆ, ಅವಳದ್ದೂ ಅದೇ. ಮೊದಲ ದಿನವೇ ಆ ಮಾತುಗಾರನಿಗೆ ಸಕ್ಕರೆಬಾಯಿ ಎಂದು ಹೆಸರಿಟ್ಟಳು. ಹೆಸರಿಟ್ಟಳೇ ಹೊರತು ಅನುಮಾನ ಪಡಲಿಲ್ಲ. ಯಾಕೆಂದರೆ ಬಾಗಿಲು ತೆರೆದು ಮನೆ ತೋರಿಸಿದ್ದ. ಕಣ್ಣೆದುರು ಗೋಡೆ ಇತ್ತು, ಕಿಟಕಿ ಇತ್ತು, ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು.

ಬೇಕಿದ್ದದ್ದು ರಸಮಟ್ಟನಿಗೆ ನೆಲ. ಒಂದು ಭಾನುವಾರ ಬೆಳಗ್ಗೆ ಅಕ್ಕನನ್ನು ಆ ಖಾಲಿ ಹಜಾರದಲ್ಲಿ ಮಂಡಿಯೂರಿಸಿದ. ಫೋನನ್ನು ನೆಲದ ಮೇಲಿಟ್ಟು, ಒಂದು ನಾಣ್ಯದಿಂದ ಪ್ರತಿ ಟೈಲನ್ನೂ ತಟ್ಟಬೇಕು. ಅವನು ಸಮುದ್ರದಾಚೆ ಕಿವಿಗೆ ಫೋನ್ ಒತ್ತಿಕೊಂಡು ಕೇಳಬೇಕು. ಕೆಳಗೆ ಸಿಮೆಂಟು ತುಂಬಿದ್ದರೆ ಟಣ್ ಎನ್ನುತ್ತದೆ. ಪೊಳ್ಳು ಬಿಟ್ಟಿದ್ದರೆ ಡಬ್ ಎನ್ನುತ್ತದೆ.

"ಇದು?"

"ಗಟ್ಟಿ. ಮುಂದಕ್ಕೆ ಹೋಗು."

"ಇದು?"

"ಪೊಳ್ಳು. ಗುರುತು ಹಾಕು."

"ಲೋ, ಇಪ್ಪತ್ತೆರಡು ವರ್ಷ ನಿಂತ್ಕೊಂಡು ದುಡಿದೋಳನ್ನ ಅಂಬೆಗಾಲಲ್ಲಿ ನಡೆಸ್ತಿದೀಯಲ್ಲೋ. ನನ್ನ ಸೊಂಟ ಬಿದ್ರೆ ಈ ಮನೆ ಮಾರಿ ಆಸ್ಪತ್ರೆಗೆ ಕಟ್ಬೇಕಾಗತ್ತೆ ನೋಡು."

"ಮಾತಾಡಬೇಡಕ್ಕ, ಶಬ್ದ ಕೇಳ್ಸಲ್ಲ."

ಎರಡು ಗಂಟೆ ತಟ್ಟಿದರು. ಏಳು ಟೈಲು ಪೊಳ್ಳು ಸಿಕ್ಕವು. ಅಕ್ಕ ಡ್ಯೂಟಿಯ ನೀಲಿ ಪೆನ್ನಿನಿಂದ ಏಳಕ್ಕೂ ಸುತ್ತು ಹಾಕಿ, ಪ್ರತಿ ಸುತ್ತಿಗೂ ಕೆಳಗಡೆ ಒಂದು ಬಾಲ ಎಳೆದಳು. ದಿನಾ ಟ್ರಿಪ್ ಮುಗಿದಾಗ ಹಾಳೆಯಲ್ಲಿ ಹಾಕುವ ಸುತ್ತು ಅದು, ಕೈಗೆ ಬೇರೆ ಬರುವುದಿಲ್ಲ. ಬಚ್ಚಲ ಬಾಗಿಲ ಹತ್ತಿರ ಕಂಬದ ಮೂಲೆಯಲ್ಲಿ ಒಂದು ಟೈಲು ಕತ್ತರಿಸುವಾಗ ಮುರಿದು, ಎರಡು ತುಂಡು ಕೂಡಿಸಿದ್ದನ್ನೂ ಅವನು ವಿಡಿಯೋದಲ್ಲಿ ಕಂಡುಹಿಡಿದ. "ಹಾಕಿದೋನು ಮನೇಲಿ ಜಗಳ ಆಡ್ಕೊಂಡು ಕೆಲಸಕ್ಕೆ ಬಂದಿದಾನೆ" ಎಂದ. ಎಲ್ಲವನ್ನೂ ಬದಲಾಯಿಸಿಕೊಡುತ್ತೇವೆಂದು ಸಕ್ಕರೆಬಾಯಿ ಎದೆಯ ಮೇಲೆ ಕೈಯಿಟ್ಟು ಹೇಳಿದ.

ಸಂಜೆ ಹೆಂಡತಿ ಫೋನಿನಲ್ಲಿ ಕೇಳಿದಳು. "ಕಾಗದ ಯಾರು ನೋಡಿದ್ರು?"

"ವಕೀಲ್ರು ನೋಡಿದಾರೆ."

"ಯಾರ ವಕೀಲ್ರು?"

"ಅವರ ಹತ್ರ ಒಬ್ರು ಇದಾರಂತೆ."

"ಅವರ ಹತ್ರ ಇರೋರು ನಮ್ಮ ಪರ ಹೇಗೆ ನೋಡ್ತಾರ್ರೀ?"

ಅವನು ಪೊಳ್ಳು ಟೈಲಿನ ಕಥೆ ಶುರು ಮಾಡಿದ. ಒಂದು ಆಸ್ತಿ ಈಗ ಯಾರ ಹೆಸರಲ್ಲಿದೆ, ಅದನ್ನು ಯಾರಾದರೂ ಒತ್ತೆ ಇಟ್ಟಿದ್ದಾರಾ, ಮಾರಿದ್ದಾರಾ ಎಂದು ಹೇಳುವ ಕಾಗದಕ್ಕೆ ಋಣಭಾರ ಪತ್ರ ಎನ್ನುತ್ತಾರೆ. ಸಕ್ಕರೆಬಾಯಿ ಅದರ ನಕಲು ಕೊಟ್ಟಿದ್ದ. ಅದರ ಮೇಲಿನ ತಾರೀಖಿಗೆ ಐದು ತಿಂಗಳಾಗಿತ್ತು. ನೋಂದಣಿ ಕಚೇರಿಯ ಕಿಟಕಿಯಲ್ಲಿ ಅರ್ಧ ಗಂಟೆ ನಿಂತರೆ ಅವತ್ತಿನ ತಾರೀಖಿನದ್ದೇ ಸಿಗುತ್ತಿತ್ತು. ನೆಲ ತಟ್ಟಲು ಎರಡು ಗಂಟೆ ಕೊಟ್ಟವರು ಆ ಅರ್ಧ ಗಂಟೆ ಕೊಡಲಿಲ್ಲ. ತನಗೆ ಗೊತ್ತಿರುವ ಕೆಲಸದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು, ಗೊತ್ತಿಲ್ಲದ್ದನ್ನು ಕಣ್ಣು ಮುಚ್ಚಿ ಬೇರೆಯವರ ಕೈಗೆ ಕೊಟ್ಟುಬಿಟ್ಟ. ಮುಂಗಡ ಹೋಯಿತು. ಮಿಕ್ಕಿದ್ದು ನೋಂದಣಿಯ ದಿನ, ಬ್ಯಾಂಕಿನ ಡಿಡಿಯಲ್ಲಿ.

ಆ ದಿನ ಬಂತು. ಊರಿನ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ ಮೂರೂವರೆಗೆ ಅಕ್ಕನ ಸರದಿ, ಅಂದರೆ ಇಲ್ಲಿ ಒಂದು ಗಂಟೆ. ರಸಮಟ್ಟ ಹದಿನಾಲ್ಕನೇ ಮಹಡಿಯಲ್ಲಿ ಅರ್ಧ ಹಜಾರಕ್ಕೆ ಟೈಲು ಕೂರಿಸಿ, ಹನ್ನೆರಡಕ್ಕೆ ಡಬ್ಬಿ ಹಿಡಿದು ಕೆಳಗಿಳಿದ. ಮರದ ಹಲಗೆಗಳ ರಾಶಿಯ ನೆರಳಿನಲ್ಲಿ ಊಟ. ಪಕ್ಕದಲ್ಲಿ ಎಂದಿನಂತೆ ಕ್ರೇನಪ್ಪ.

ಕ್ರೇನಪ್ಪ ಅದೇ ಕಟ್ಟಡದ ದೊಡ್ಡ ಕ್ರೇನು ನಡೆಸುವವನು, ರಸಮಟ್ಟನ ಊರಿನ ಕಡೆಯವನೇ. ಬೇರೆ ನಗರದ ಕೆಲಸ ಮುಗಿಸಿ ಇಲ್ಲಿಗೆ ಬಂದು ಒಂದೂವರೆ ತಿಂಗಳಾಗಿತ್ತಷ್ಟೆ. ದಿನವಿಡೀ ಮೇಲಿನ ಡಬ್ಬದಂಥ ಕೋಣೆಯಲ್ಲಿ ಒಬ್ಬನೇ ಕೂರುವವನಾದ್ದರಿಂದ ಕೆಳಗಿಳಿದಾಗ ಸಿಕ್ಕವರ ತಲೆ ತಿನ್ನುತ್ತಿದ್ದ. ಅವತ್ತು ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಅಣ್ಣಾ, ನಿಂಗೊಂದು ತೋರಿಸ್ಬೇಕು. ಯಾರಿಗೂ ಹೇಳಿಲ್ಲ. ಮನೆ ತಗೊಳ್ತಿದೀನಿ."

"ಮನೇನಾ? ನೀನಾ? ನೆಲದ ಮೇಲೆ ಇರೋದು ನಿಂಗೆ ಗೊತ್ತೇನೋ?"

"ತಮಾಷೆ ಬಿಡಣ್ಣ. ಸೋಮವಾರ ನೋಂದಣಿ. ನಮ್ಮನೇವಳು ಭಾನುವಾರ ಹೋಗಿ ವಿಡಿಯೋ ಮಾಡಿ ಕಳಿಸಿದಾಳೆ. ನೀನು ಟೈಲ್ಸ್ ಕೆಲಸದೋನು, ನೋಡಿ ಹೇಳು, ಕೆಲಸ ಹೇಗಿದೆ?"

ಫೋನನ್ನು ಅವನ ಮೂಗಿನ ಹತ್ತಿರ ಹಿಡಿದ. ಬಾಗಿಲು ತೆರೆಯಿತು. ಹಜಾರ. ಬಾಲ್ಕನಿಯಿಂದ ಬೆಳಕು. ಒಂದು ಹೆಣ್ಣು ದನಿ, "ಇಲ್ಲಿ ಮಂಚ ಹಾಕಿದ್ರೆ ಗಾಳಿ ಚೆನ್ನಾಗಿ ಬರತ್ತೆ" ಎಂದು ಹೇಳುತ್ತಿತ್ತು. ಫೋನು ಕೆಳಗೆ ವಾಲಿತು. ನೆಲದ ಮೇಲೆ ನೀಲಿ ಸುತ್ತು. ಸುತ್ತಿಗೊಂದು ಬಾಲ. ಆಮೇಲೆ ಇನ್ನೊಂದು. "ಅಯ್ಯ, ಯಾವ ಮಗು ಗೀಚಿದೆ ಇಲ್ಲೆಲ್ಲ" ಎಂದು ಆ ದನಿ ನಕ್ಕಿತು. "ಒರೆಸಿದ್ರೆ ಹೋಗತ್ತೆ ಮೇಡಂ" ಎಂದು ಸಕ್ಕರೆಬಾಯಿಯ ದನಿ ಹೇಳಿತು. ಬಚ್ಚಲ ಬಾಗಿಲು, ಕಂಬದ ಮೂಲೆ, ಎರಡು ತುಂಡು ಕೂಡಿಸಿದ ಟೈಲು.

ರಸಮಟ್ಟನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ನಂಬರ್ ಎಷ್ಟು?" ಎಂದ.

"ಮುನ್ನೂರ ಎರಡು. ಯಾಕಣ್ಣ?"

"ಸುಮ್ನೆ ಕೇಳ್ದೆ."

"ಹೇಗಿದೆ ಹೇಳು ಮತ್ತೆ. ನೆಲ ಚೆನ್ನಾಗಿದೆಯಾ?"

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಆದರೆ ಅದಕ್ಕಿಂತ ಬೇಗ ತಲೆಯೊಳಗೆ ಒಂದು ಲೆಕ್ಕ ಓಡಿತು. ಇವನದ್ದು ಸೋಮವಾರ. ನನ್ನದು ಇವತ್ತು, ಇನ್ನು ನಲವತ್ತು ನಿಮಿಷಕ್ಕೆ.

"ಚೆನ್ನಾಗಿದೆ" ಎಂದ ರಸಮಟ್ಟ.

ಕ್ರೇನಪ್ಪನ ಮುಖ ಅರಳಿದ್ದನ್ನು ನೋಡಲಾಗದೆ ಡಬ್ಬಿ ಮುಚ್ಚಿ ಎದ್ದ. ಹೊಟ್ಟೆ ಸರಿಯಿಲ್ಲ ಎಂದ.

ಕೆಲಸಗಾರರಿಗೆಂದು ಇಟ್ಟಿದ್ದ ತಗಡಿನ ಪಾಯಿಖಾನೆಯೊಳಗೆ ಚಿಲಕ ಹಾಕಿಕೊಂಡು ನಿಂತ. ಒಳಗೆ ಕುದಿಯುವ ಸೆಕೆ. ಅಕ್ಕ ಇನ್ನೇನು ಸಹಿ ಹಾಕುತ್ತಾಳೆ. ನೋಂದಣಿ ಆದರೆ ಮನೆ ತನ್ನದು. ಸೋಮವಾರ ಕ್ರೇನಪ್ಪನ ಹೆಂಡತಿ ಹೋದಾಗ ಸಕ್ಕರೆಬಾಯಿ ಇರುವುದಿಲ್ಲ, ಅಷ್ಟೆ. ಅದು ಅವರ ಹಣೆಬರಹ. ತಾನೇನು ಮೋಸ ಮಾಡಿದನೇ? ತಾನು ಈ ವಿಡಿಯೋ ನೋಡದೇ ಇದ್ದಿದ್ದರೆ? ನೋಡಿಲ್ಲ ಎಂದುಕೊಂಡರಾಯಿತು. ಯಾರು ಕೇಳುತ್ತಾರೆ. ಹದಿಮೂರು ವರ್ಷ ಮಂಡಿ ಸವೆಸಿದವನು ತಾನು. ಕ್ರೇನಪ್ಪ ಇನ್ನೂ ಚಿಕ್ಕವನು, ಕೂತು ಮಾಡುವ ಕೆಲಸ, ಮತ್ತೆ ದುಡಿದಾನು.

ಹೀಗೆ ಇಪ್ಪತ್ತು ನಿಮಿಷ. ಯಾರೋ ಎರಡು ಸಲ ಬಾಗಿಲು ಬಡಿದು, "ಒಳಗೇ ಸಂಸಾರ ಹೂಡಿದೀಯಾ" ಎಂದು ಬೈದು ಹೋದರು.

ಅವನಿಂದ ಕೊನೆಗೆ ಫೋನ್ ಮಾಡಿಸಿದ್ದು ಧರ್ಮವೋ ಭಯವೋ, ಅವನಿಗೇ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ನಾನು ಸುಳ್ಳುಗಾರನಾದೇನು. ಎರಡು ಸಲ ಮಾರಿದವನು ಎರಡಕ್ಕೇ ಯಾಕೆ ನಿಲ್ಲಿಸಿದಾನು ಎಂಬ ಯೋಚನೆ ಬಂತು. ತನಗಿಂತ ಮುಂಚೆ ಇನ್ನೊಬ್ಬ ಇದ್ದರೆ? ಅಕ್ಕನ ಕೈಚೀಲದಲ್ಲಿರುವ ಡಿಡಿ ಇವತ್ತು ಕೈ ಬಿಟ್ಟರೆ ಮುಗಿಯಿತು. ಅಕ್ಕನಿಗೆ ಫೋನ್ ಮಾಡಿದ.

ಸ್ವಿಚ್ ಆಫ್.

ಆಗಲೇಬೇಕಲ್ಲ. ಡ್ಯೂಟಿಯಲ್ಲಿ ಫೋನ್ ಮುಟ್ಟಬಾರದೆಂಬ ರೂಢಿ ಇಪ್ಪತ್ತೆರಡು ವರ್ಷದ್ದು. ಸರ್ಕಾರಿ ಕಚೇರಿ ಅಂದರೂ ಅವಳಿಗೆ ಅದು ಡ್ಯೂಟಿಯೇ. ಹೆಂಡತಿಗೆ ಮಾಡಿದ. ಕಾರ್ಖಾನೆಯಲ್ಲಿ ಚಹಾದ ಹೊತ್ತಿನವರೆಗೆ ಫೋನುಗಳೆಲ್ಲ ಕಪಾಟಿನಲ್ಲಿ, ಬೀಗದೊಳಗೆ. ಸಕ್ಕರೆಬಾಯಿಗೆ ಮಾಡಲು ಬೆರಳು ಹೋಗಿ ಹಿಂದೆ ಬಂತು. ಅಲ್ಲಿ ಮೂರು ಗಂಟೆ ಹನ್ನೆರಡು ನಿಮಿಷ.

ಉಳಿದದ್ದು ಒಂದೇ ನಂಬರು, ಬಸ್ ಡಿಪೋದ್ದು. ಅಕ್ಕನಿಗೇನಾದರೂ ಆದರೆ ಇರಲಿ ಎಂದು ಯಾವಾಗಲೋ ಬರೆದುಕೊಂಡಿದ್ದ.

"ಹಲೋ, ಡಿಪೋ."

"ಸರ್, ಹದಿನೇಳನೇ ನಂಬರ್ ಬಸ್ಸಿನ ಕಂಡಕ್ಟರ್ ಇದಾರಲ್ಲ, ಅವರ ತಮ್ಮ ನಾನು."

"ಯಾರು, ನಮ್ಮ ಜೋರು ಬಾಯಿಯೋರ ತಮ್ಮನಾ? ಅವರು ಇವತ್ತು ರಜಾ. ತಮ್ಮನ ಮನೆ ನೋಂದಣಿ ಅಂತ ಸಿಹಿ ಕೊಡಿಸ್ತೀನಿ ಅಂದಿದ್ರು."

"ಸರ್, ಸಹಿ ಹಾಕ್ಬಾರ್ದು ಅಂತ ಅವರಿಗೆ ಹೇಳ್ಬೇಕು. ಫೋನ್ ಆಫ್ ಮಾಡಿದಾರೆ. ನಾನು ಪರದೇಶದಲ್ಲಿದೀನಿ. ಮನೆ ಇಬ್ಬರಿಗೆ ಮಾರಿದಾನೆ ಸರ್, ಮೋಸ ಆಗಿದೆ. ಮೂರೂವರೆಗೆ ಸರದಿ."

ಆ ಕಡೆ ಕುರ್ಚಿ ಕಿರುಗುಟ್ಟಿತು. ಡಿಪೋದ ಕಂಟ್ರೋಲರ್ ಮುದುಕ, ಮಾತು ನಿಧಾನ. ಆದರೆ ನಿಧಾನಕ್ಕೂ ಒಂದು ಅಳತೆ ಇಟ್ಟುಕೊಂಡವನು.

"ನೋಂದಣಿ ಕಚೇರಿ ಅಂದ್ರೆ ಹಳೇ ಆಸ್ಪತ್ರೆ ಎದುರಿಗಿರೋದು ತಾನೆ? ಅಲ್ಲಿ ಈಗ ಯಾವ ಗಾಡಿ ಬರತ್ತೆ... ತಡಿ. ಒಂಬತ್ತನೇ ನಂಬರು. ಮೂರು ಇಪ್ಪತ್ತೈದಕ್ಕೆ ಆಸ್ಪತ್ರೆ ಸ್ಟಾಪು. ಡ್ರೈವರ್ ನಮ್ಮ ಗಿಡ್ಡ. ಅವನಿಗೆ ಹೇಳಿಸ್ತೀನಿ."

"ಸಿಗ್ತಾರಾ ಸರ್?"

"ಬಸ್ಸು ಬಂದ್ರೆ ಅವನೂ ಬರ್ತಾನಪ್ಪ. ಬಸ್ಸು ಬರತ್ತಾ ಅಂತ ಮಾತ್ರ ನನ್ನ ಕೇಳ್ಬೇಡ. ಅದು ಮಾರ್ಕೆಟ್ ಹತ್ರದ ಜನರ ಕೈಲಿದೆ. ಫೋನ್ ಇಡು."

ಅಷ್ಟರಲ್ಲಿ ಇಲ್ಲಿ ಸೀಟಿ ಊದಿದರು. ಊಟದ ಹೊತ್ತು ಮುಗಿಯಿತು. ಪಾಯಿಖಾನೆಯಿಂದ ಹೊರಗೆ ಬರುವಾಗ ಕ್ರೇನಪ್ಪ ಏಣಿಯ ಬುಡದಲ್ಲಿ ನಿಂತು ಫೋನಿನ ಮೇಲೆ ಬೆರಳಾಡಿಸುತ್ತಿದ್ದ. ರಸಮಟ್ಟನನ್ನು ಕಂಡು ಕೈಯೆತ್ತಿದ. ರಸಮಟ್ಟನೂ ಕೈಯೆತ್ತಿದ. ಕರೆಯಬಹುದಿತ್ತು. ನಡುವೆ ಇದ್ದದ್ದು ಹತ್ತು ಹೆಜ್ಜೆ. ಕ್ರೇನಪ್ಪ ಫೋನನ್ನು ಜೇಬಿಗಿಳಿಸಿ ಏಣಿ ಹತ್ತಿದ.

ಹದಿನಾಲ್ಕನೇ ಮಹಡಿಗೆ ಮರಳಿದ ರಸಮಟ್ಟ ಗಾರೆ ಕಲಸಿದ. ನೀರು ಹೆಚ್ಚಾಯಿತು. ಚೆಲ್ಲಿ ಮತ್ತೆ ಕಲಸಿದ. ಒಂದು ಗಂಟೆ ಆಯಿತು. ಒಂದು ಹದಿನೈದು. ಫೋನು ಪಕ್ಕದಲ್ಲಿ, ನೆಲದ ಮೇಲೆ, ಕಪ್ಪಗೆ ಕೂತಿತ್ತು. ಟೈಲು ಇಟ್ಟು ರಬ್ಬರಿನ ಸುತ್ತಿಗೆಯಿಂದ ತಟ್ಟುತ್ತಿದ್ದ. ತಟ್ಟಿದ ಸದ್ದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಒಂದೂವರೆ. ಮೇಸ್ತ್ರಿ ಬಂದು ನೋಡಿ, "ಏನಯ್ಯ ರಸಮಟ್ಟ, ನಿನ್ನ ಸಾಲೇ ಸೊಟ್ಟ ಹೋಗಿದೆ" ಎಂದಾಗ, ಆರು ಟೈಲು ಕಿತ್ತು ಮತ್ತೆ ಹಾಕಿದ. ಹದಿಮೂರು ವರ್ಷದಲ್ಲಿ ಇದೇ ಮೊದಲು.

ಒಂದು ಐವತ್ತಕ್ಕೆ ಫೋನು ನಡುಗಿತು.

"ಅಕ್ಕಾ, ಸಹಿ ಹಾಕಿದ್ಯಾ?"

"ಮೊದಲು ಕೇಳೋ. ಮೂರು ಹಾಳೆಗೆ ಹಾಕಿದ್ದೆ. ನಾಲ್ಕನೇದಕ್ಕೆ ಪೆನ್ನು ಇಟ್ಟಿದ್ದೆ, ಗಿಡ್ಡ ಒಳಗೆ ನುಗ್ಗಿದ. ಕಾಕಿ ಬಟ್ಟೆ ನೋಡಿ ಪೊಲೀಸ್ ಅಂದ್ಕೊಂಡು ಅರ್ಧ ಕಚೇರಿ ಎದ್ದು ನಿಂತಿತ್ತು. ಹೊರಗಡೆ ಬಸ್ಸು, ಬಸ್ಸಿನ ತುಂಬ ಜನ, ಕಿಟಕಿಯಿಂದ ತಲೆ ಹಾಕ್ಕೊಂಡು ಬೈತಿದಾರೆ. ಇವನು ಬಾಗಿಲಲ್ಲೇ ನಿಂತು ಕೂಗ್ದ, 'ಅಕ್ಕಾ, ನಿಮ್ಮ ತಮ್ಮ ಸಹಿ ಬೇಡ ಅಂದ್ರು, ನಾನು ಹೊರಟೆ' ಅಂತ. ಅಷ್ಟೆ. ಓಡಿಹೋಗಿ ಗಾಡಿ ಎತ್ತಿದ."

"ಆಮೇಲೆ?"

"ಆಮೇಲೆ ನಾನು ಸಕ್ಕರೆಬಾಯಿ ಮುಖ ನೋಡ್ಲಿಲ್ಲ, ಕಾಲು ನೋಡ್ದೆ. ಟಿಕೆಟ್ ಇಲ್ದೋನ ಕಾಲು ಮೊದಲು ಬಾಗಿಲ ಕಡೆ ತಿರುಗತ್ತೆ. ತಿರುಗಿತ್ತು. ಡಿಡಿ ಮೇಜಿನ ಮೇಲಿತ್ತು, ಎತ್ತಿ ಕುಪ್ಪಸದೊಳಗೆ ಇಟ್ಕೊಂಡೆ. ಅಲ್ಲಿಂದ ತಗೊಳ್ಳೋ ಧೈರ್ಯ ಇದ್ರೆ ತಗೊಳ್ಲಿ ಅಂತ. ಗುಮಾಸ್ತನ್ನ ಕೇಳ್ದೆ, ಸ್ವಾಮಿ, ಇವತ್ತಿನ ಋಣಭಾರ ಪತ್ರ ತೆಗೀರಿ, ಎಷ್ಟಾಗತ್ತೋ ಕೊಡ್ತೀನಿ ಅಂದೆ. ಇವನು, 'ಮೇಡಂ, ಹೊತ್ತಾಗತ್ತೆ, ಹಿಂದೆ ಜನ ಕಾಯ್ತಿದಾರೆ' ಅಂದ. ಜನ ಕಾಯೋದನ್ನ ನಂಗೆ ಹೇಳ್ಕೊಡ್ತಾನೆ. ಆಮೇಲೆ ಏನೋ ನಕಲು ಮಾಡಿಸ್ಕೊಂಡು ಬರ್ತೀನಿ ಅಂತ ಎದ್ದು ಹೋದೋನು, ಇನ್ನೂ ನಕಲು ಮಾಡಿಸ್ತಾನೇ ಇದಾನೆ."

"ಪತ್ರದಲ್ಲಿ ಏನಿದೆ ಅಕ್ಕ?"

ಅಕ್ಕ ಹಾಳೆ ಬಿಡಿಸಿದ ಸದ್ದು ಕೇಳಿಸಿತು.

"ಮೂರು ವಾರದ ಹಿಂದೇನೇ ಆ ಮನೆ ನೋಂದಣಿ ಆಗಿದೆ ಕಣೋ. ಯಾವುದೋ ನರ್ಸಮ್ಮನ ಹೆಸರಿಗೆ. ಅವಳೂ ಪರದೇಶದಲ್ಲೇ ಇರೋದಂತೆ, ಬೇರೆ ದೇಶ. ಸಹಿ ಹಾಕಿದ್ದು ಅವಳ ಮಾವ. ನಮಗೆ ಅಲ್ಲಿ ಒಂದು ಟೈಲೂ ಇಲ್ಲ. ಮುಂಗಡ ಹೋಯ್ತು. ಡಿಡಿ ಉಳೀತು." ತಡೆದು ಕೇಳಿದಳು. "ಡಿಪೋಗೆ ಫೋನ್ ಮಾಡಿದ್ದೆ, ಇಬ್ಬರಿಗೆ ಮಾರಿದಾನೆ ಅಂದ್ಯಂತೆ. ಇನ್ನೊಬ್ಬರು ಯಾರು? ನಿಂಗೆ ಹೇಗೆ ಗೊತ್ತಾಯ್ತು?"

"ಇಲ್ಲೇ ಕೆಲಸ ಮಾಡೋನು. ವಿಡಿಯೋ ತೋರಿಸ್ದ. ನಿನ್ನ ಸುತ್ತು ಇತ್ತು."

"ಅವನಿಗೆ ಹೇಳಿದ್ಯಾ?"

ಅವನು ಸುತ್ತಿಗೆ ಎತ್ತಿ ಮುಂದಿನ ಟೈಲು ತಟ್ಟಿದ.

"ಹೇಳಿಲ್ವಾ?" ಎಂದಳು ಅಕ್ಕ. "ಫೋನ್ ಇಡ್ತೀನಿ. ಮೊದಲು ಹೋಗಿ ಹೇಳು."

ಹೋಗಲಿಲ್ಲ. ಕ್ರೇನು ಓಡುತ್ತಿತ್ತು, ಕಬ್ಬಿಣದ ಸರಳುಗಳ ಕಟ್ಟು ಗಾಳಿಯಲ್ಲಿ ತೂಗುತ್ತಿತ್ತು, ಅದರಡಿಯಲ್ಲಿ ನಲವತ್ತು ಜನ ಕೆಲಸ ಮಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಕ್ರೇನು ನಡೆಸುವವನ ಎದೆ ಒಡೆಯುವ ಸುದ್ದಿ ಹೇಳಬಾರದು. ಇದು ಒಳ್ಳೆಯ ಕಾರಣ. ಎಷ್ಟು ಒಳ್ಳೆಯದೆಂದರೆ ರಸಮಟ್ಟ ಅದನ್ನು ಎರಡು ಗಂಟೆಗಳ ಕಾಲ ಅಪ್ಪಿಕೊಂಡು ಕೂತ. ಆದರೂ ಒಂದು ಮಾತು ಹೇಳಬೇಕು. ಕೆಳಗೆ ನಿಂತು ಸನ್ನೆ ಮಾಡುವವನ ಹತ್ತಿರ ವೈರ್‌ಲೆಸ್ ಇತ್ತು. ಹೊರೆ ಇಳಿಸಿದ ಮೇಲೆ ಒಂದು ನಿಮಿಷ ಕೆಳಗೆ ಬಾ ಎಂದು ಹೇಳಿಸಬಹುದಿತ್ತು.

ನಾಲ್ಕಕ್ಕೆ ಕ್ರೇನು ನಿಂತಿತು. ಏಣಿಯ ಬುಡದಲ್ಲಿ ರಸಮಟ್ಟ ಕಾದು ನಿಂತಿದ್ದ. ಕ್ರೇನಪ್ಪ ಕೊನೆಯ ಮೆಟ್ಟಿಲಿನಿಂದ ಹಾರಿ ಇಳಿದು, ಕೈಗವಸು ಕಳಚುತ್ತ ನಕ್ಕ.

"ಹೊಟ್ಟೆ ಸರಿಹೋಯ್ತಾ ಅಣ್ಣ?"

ರಸಮಟ್ಟ ಹೇಳಿದ. ಸುತ್ತಿ ಬಳಸದೆ, ಇದ್ದದ್ದು ಇದ್ದ ಹಾಗೆ ಹೇಳಿದ. ನೀಲಿ ಸುತ್ತು, ಅಕ್ಕ, ನರ್ಸಮ್ಮ. ಕ್ರೇನಪ್ಪ ಕೇಳುತ್ತ ಕೇಳುತ್ತ ಕೈಗವಸನ್ನು ಮತ್ತೆ ಹಾಕಿಕೊಂಡ, ಮತ್ತೆ ಕಳಚಿದ.

"ನಿಂಗೆ ಯಾವಾಗ ಗೊತ್ತಾಯ್ತು?"

"ಊಟದ ಹೊತ್ತಿಗೆ."

"ನಾನು ತೋರಿಸಿದಾಗಲೇನಾ?"

"ಹೂಂ."

"ಚೆನ್ನಾಗಿದೆ ಅಂದ್ಯಲ್ಲಣ್ಣ."

ರಸಮಟ್ಟ ತನ್ನ ಬೂಟು ನೋಡಿದ.

"ಎರಡನೇ ಕಂತು ತಡೆದು ಇಟ್ಕೊಂಡಿದ್ದೆ" ಎಂದ ಕ್ರೇನಪ್ಪ. ದನಿ ಏರಿರಲಿಲ್ಲ, ಅದೇ ಕಷ್ಟ. "ಸೋಮವಾರದೊಳಗೆ ಕಳಿಸಿ ಅಂತ ಅವನು ದಿನಾ ಫೋನ್ ಮಾಡ್ತಿದ್ದ. ನಂಗ್ಯಾಕೋ ಮನಸ್ಸಾಗಿರ್ಲಿಲ್ಲ. ನೀನು ನೋಡಿ ಹೇಳಿದ್ಮೇಲೆ ಕಳಿಸೋಣ ಅಂತಿದ್ದೆ. ನೀನು ಚೆನ್ನಾಗಿದೆ ಅಂದೆ. ಏಣಿ ಹತ್ತೋಕೆ ಮುಂಚೆ ಇಲ್ಲೇ ನಿಂತು ಕಳಿಸ್ದೆ. ನೀನು ಕೈ ಬೇರೆ ಎತ್ತಿದೆ."

ರಸಮಟ್ಟ ತಲೆಯೆತ್ತಿದ. "ಯಾವುದ್ರಲ್ಲಿ ಕಳಿಸಿದೆ?"

"ಪೇಟೇಲಿರೋ ಹಣ ಕಳಿಸೋ ಅಂಗಡಿಯವರ ಆಪಲ್ಲಿ."

"ಅವರು ಐದಕ್ಕೆ ಬಾಗಿಲು ಹಾಕ್ತಾರೆ. ಅಲ್ಲೀವರೆಗೆ ಕಳಿಸಿದ್ದು ಅವರ ಹತ್ರಾನೇ ಇರತ್ತೆ. ಬಾ."

ಸಿಮೆಂಟು ಇಳಿಸಿ ಖಾಲಿ ಹೊರಟಿದ್ದ ಲಾರಿಯ ಹಿಂದೆ ಹತ್ತಿದರು. ಎರಡು ಕಡೆ ಸಿಗ್ನಲ್ ಕೆಂಪು. ಎರಡನೆಯದರಲ್ಲಿ ಕ್ರೇನಪ್ಪ ಲಾರಿಯಿಂದ ಧುಮುಕಿ ಓಡತೊಡಗಿದ. ರಸಮಟ್ಟ ಹಿಂದೆ ಓಡಿದ. ಮಂಡಿ ಮಡಿಸಿ ಕೂತು ದುಡಿದವನ ಓಟ, ನೋಡಿದವರು ನಗಬೇಕು. ಅಂಗಡಿಯ ಹುಡುಗಿ ಗಾಜಿನ ಬಾಗಿಲಿಗೆ ಬೀಗ ತೂಗುಹಾಕುತ್ತಿದ್ದಳು. ಕ್ರೇನಪ್ಪ ಸಂದಿನಲ್ಲಿ ಕಾಲು ತುರುಕಿದ. ಅವಳು ಬೈದಳು. ಅವನ ಮುಖ ನೋಡಿ ಸುಮ್ಮನಾದಳು. ಗುರುತಿನ ಚೀಟಿ ಕೇಳಿದಳು, ಒಂದು ಫಾರಂ ಕೊಟ್ಟಳು, ಪರದೆಯ ಮೇಲೆ ಏನನ್ನೋ ಹುಡುಕಿದಳು. ಆ ಹುಡುಕಾಟ ಮುಗಿಯುವಂತೆಯೇ ಇರಲಿಲ್ಲ. ಕ್ರೇನಪ್ಪ ಮೇಜಿನ ಅಂಚು ಹಿಡಿದು ನಿಂತಿದ್ದ.

"ಇನ್ನೂ ಹೋಗಿಲ್ಲ" ಎಂದಳು. "ರದ್ದು ಮಾಡ್ತೀನಿ. ನಮ್ಮ ಶುಲ್ಕ ಮಾತ್ರ ವಾಪಸ್ ಬರಲ್ಲ."

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ರಸಮಟ್ಟ ಏನೋ ಹೇಳಲು ಹೊರಟ.

"ಬೇಡ" ಎಂದ ಕ್ರೇನಪ್ಪ. "ಅಷ್ಟು ಹೊತ್ತು ಪಾಯಿಖಾನೆ ಒಳಗಡೆ ಏನು ಯೋಚನೆ ಮಾಡ್ತಿದ್ದೆ ಅಂತ ನಂಗೆ ಗೊತ್ತು. ನಾನಾಗಿದ್ರೂ ಮಾಡ್ತಿದ್ನೋ ಏನೋ. ಆದ್ರೂ ಬೇಡ."

ಮರುದಿನದಿಂದ ಕ್ರೇನಪ್ಪ ಊಟಕ್ಕೆ ಕೆಳಗಿಳಿಯಲಿಲ್ಲ. ಡಬ್ಬಿಯನ್ನು ಮೇಲಕ್ಕೇ ಒಯ್ದ. ರಸಮಟ್ಟ ಹಲಗೆಗಳ ನೆರಳಿನಲ್ಲಿ ಒಬ್ಬನೇ ಕೂತು ಬೇಗ ಬೇಗ ತಿಂದು ಎದ್ದ. ಊರಲ್ಲಿ ಹೆಂಡತಿ ಬೈಯಲಿಲ್ಲ. "ಬಾಡಿಗೆ ಮನೆ ಮಾಲೀಕನಿಗೆ ಇನ್ನೊಂದು ವರ್ಷ ಇರ್ತೀವಿ ಅಂತ ಹೇಳಿ ಬಂದೆ" ಎಂದಳು, ಅಷ್ಟೆ. ಅಕ್ಕ ಪೊಲೀಸ್ ಠಾಣೆಗೆ ಮೂರು ಸಲ ಹೋಗಿ, ನಾಲ್ಕನೇ ಸಲ ಅವರು ದೂರು ಬರೆದುಕೊಳ್ಳುವವರೆಗೂ ಬೆಂಚು ಬಿಟ್ಟೇಳಲಿಲ್ಲ. ಸಕ್ಕರೆಬಾಯಿಯ ಫೋನು ಎತ್ತುವವರಿರಲಿಲ್ಲ. ಪತ್ತೆ ಮಾಡುತ್ತ ಹೋದಂತೆ ಆ ಒಂದೇ ಮನೆಗೆ ಒಟ್ಟು ಆರು ಜನ ಮುಂಗಡ ಕೊಟ್ಟವರು ಸಿಕ್ಕರು. ಎಲ್ಲರೂ ಬೇರೆ ಬೇರೆ ದೇಶಗಳಲ್ಲಿ, ಇಲ್ಲವೇ ಬೇರೆ ಬೇರೆ ನಗರಗಳಲ್ಲಿ ದುಡಿಯುತ್ತಿದ್ದವರು. ಒಬ್ಬರಿಗೊಬ್ಬರು ಎದುರಾಗುವುದಿಲ್ಲ ಎಂಬ ಭರವಸೆಯ ಮೇಲೆ ನಿಂತ ವ್ಯಾಪಾರ ಅದು. ಎದುರಾದವರು ಇವರಿಬ್ಬರು ಮಾತ್ರ.

ಪರದೇಶದಲ್ಲಿರುವವರೂ ದೂರು ಕೊಟ್ಟರೆ ಕೇಸಿಗೆ ಬಲ ಬರುತ್ತದೆ ಎಂದು ಠಾಣೆಯವರು ಹೇಳಿ ಕಳಿಸಿದರು. ವಾರದ ರಜೆಯ ದಿನ ರಸಮಟ್ಟ ತಮ್ಮ ದೇಶದ ದೂತಾವಾಸಕ್ಕೆ ಹೋದಾಗ, ಕಾಯುವ ಕೋಣೆಯಲ್ಲಿ ಕ್ರೇನಪ್ಪ ಆಗಲೇ ಕೂತಿದ್ದ. ನಡುವೆ ಎರಡು ಕುರ್ಚಿ ಬಿಟ್ಟು ರಸಮಟ್ಟ ಕೂತ. ಒಂದೇ ಮನೆಯ ವಿಷಯವಾದ್ದರಿಂದ ಇಬ್ಬರದೂ ಒಂದೇ ಅರ್ಜಿಯಲ್ಲಿ ಆಗುತ್ತದೆ ಎಂದು ಕಿಟಕಿಯ ಗುಮಾಸ್ತ ಇಬ್ಬರನ್ನೂ ಒಟ್ಟಿಗೆ ಕರೆದ. ಹೆಸರು, ವಿಳಾಸ, ಕೊಟ್ಟ ಮೊತ್ತ. ಆಮೇಲೆ ಒಂದು ಸಾಲು ಹೀಗಿತ್ತು: ಮೋಸ ನಡೆದಿರುವುದು ತಮಗೆ ತಿಳಿದ ದಿನಾಂಕ ಮತ್ತು ಸಮಯ.

ರಸಮಟ್ಟ ಪೆನ್ನು ತೆಗೆದುಕೊಂಡ. ದಿನಾಂಕ ಬರೆದ. ಮಧ್ಯಾಹ್ನ ಹನ್ನೆರಡು ಇಪ್ಪತ್ತು ಎಂದು ಬರೆದು ಹಾಳೆಯನ್ನು ಪಕ್ಕಕ್ಕೆ ಸರಿಸಿದ. ಕ್ರೇನಪ್ಪ ಅದನ್ನು ಓದಿದ. ಅದರ ಕೆಳಗೆ ಅದೇ ದಿನಾಂಕ ಬರೆದು, ಸಂಜೆ ನಾಲ್ಕು ಹತ್ತು ಎಂದು ಬರೆದ.

ಗುಮಾಸ್ತ ಕನ್ನಡಕ ಏರಿಸಿಕೊಂಡು ಎರಡೂ ಸಾಲು ನೋಡಿದ.

"ಇಬ್ಬರೂ ಒಂದೇ ಕಡೆ ಕೆಲಸ ಮಾಡೋದು ಅಂತೀರಿ. ಒಂದೇ ದಿನ. ಟೈಮ್ ಯಾಕ್ರೀ ಇಷ್ಟು ಬೇರೆ ಬೇರೆ?"

ರಸಮಟ್ಟ ಬಾಯಿ ತೆರೆಯುವ ಮೊದಲೇ ಕ್ರೇನಪ್ಪ ಹೇಳಿದ.

"ನಾನು ಕ್ರೇನಿನ ಮೇಲಿದ್ದೆ ಸಾರ್."

ಗುಮಾಸ್ತ ತಲೆಯಾಡಿಸಿ ಮೊಹರು ಒತ್ತಿದ.